ಚೆಕ್ ಪೈಲಟ್ ಯಾವ ಸೀಟಲ್ಲಿ ಕೂತಿದ್ರು ಅನ್ನೋದನ್ನ ಲಾಗ್‌ಬುಕ್ ಹೇಳ್ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎಲ್ಲೇ ಒಂದು ವಿಮಾನ ಬಿದ್ರೂ ಮಾರನೇ ದಿನದ ಪೇಪರ್‌ನಲ್ಲಿ ಒಂದು ಸಾಲು ಇದ್ದೇ ಇರುತ್ತೆ, ಕ್ಯಾಪ್ಟನ್‌ಗೆ ಇಷ್ಟು ಸಾವಿರ ಗಂಟೆ ಹಾರಾಟದ ಅನುಭವ ಇತ್ತು, ಕೋಪೈಲಟ್‌ಗೆ ಇಷ್ಟು ಗಂಟೆ ಅಂತ. ಓದಿದೋರು ಅಷ್ಟಕ್ಕೇ ಒಂದು ತೀರ್ಮಾನಕ್ಕೆ ಬಂದ್ಬಿಡ್ತಾರೆ, ಅಷ್ಟು ಅನುಭವ ಇದ್ದೋರು ಹೇಗಪ್ಪಾ ತಪ್ಪು ಮಾಡಿದ್ರು ಅಂತಾನೋ, ಇಲ್ಲಾ ಪಾಪ ಹೊಸಬ್ರು ಅಂತಾನೋ. ಆ ಗಂಟೆ ಎಲ್ಲಿಂದ ಬಂತು, ಯಾರು ಬರೆದ್ರು, ಆ ಹೊತ್ತಲ್ಲಿ ಅವ್ರು ಕಾಕ್‌ಪಿಟ್‌ನ ಯಾವ ಸೀಟಲ್ಲಿ ಇದ್ರು ಅನ್ನೋದನ್ನ ಯಾರೂ ಕೇಳಲ್ಲ. ನಾನು 30 ವರ್ಷ ಹತ್ರ ಏರ್‌ಲೈನ್‌ನಲ್ಲಿ ಹಾರಿಸಿದವನು, ಅದ್ರಲ್ಲಿ ಕೊನೇ 11 ವರ್ಷ ಚೆಕ್ ಪೈಲಟ್ ಆಗಿದ್ದೆ, ಈಗ ರಿಟೈರ್ ಆಗಿದೀನಿ. ಚೆಕ್ ಪೈಲಟ್‌ಗಳು ಬೇರೆಯವ್ರನ್ನ ಪರೀಕ್ಷೆ ಮಾಡೋ ಹಾರಾಟದ ಗಂಟೆಗಳನ್ನ ತಮ್ಮ ಲಾಗ್‌ಬುಕ್‌ನಲ್ಲಿ, ಅಂದ್ರೆ ಪೈಲಟ್ ತನ್ನ ಹಾರಾಟದ ಲೆಕ್ಕ ಬರೆಯೋ ಪುಸ್ತಕದಲ್ಲಿ, ಹೇಗೆ ಬರ್ಕೋತಾರೆ ಅನ್ನೋದರ ಬಗ್ಗೆ ತುಂಬಾ ದಿನದಿಂದ ಬರೀಬೇಕು ಅಂತ ಇತ್ತು, ಇವತ್ತು ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸ್ಬೇಡಿ.

ಮೊದಲು ಚೆಕ್ ಪೈಲಟ್ ಅಂದ್ರೆ ಯಾರು ಅಂತ ಹೇಳ್ಬಿಡ್ತೀನಿ. ಏರ್‌ಲೈನ್‌ನಲ್ಲಿ ಕೆಲಸ ಮಾಡೋ ಪ್ರತಿ ಪೈಲಟ್‌ಗೂ ಆಗಾಗ ಪರೀಕ್ಷೆ ಇರುತ್ತೆ, ಲೈಸೆನ್ಸ್ ಸಿಕ್ತು ಅಂದ್ರೆ ಮುಗೀತು ಅಂತಲ್ಲ. ಉದಾಹರಣೆಗೆ ಅಮೆರಿಕದಲ್ಲಿ ಏರ್‌ಲೈನ್ ಕ್ಯಾಪ್ಟನ್ ಆದವ್ರು ಹಿಂದಿನ 12 ತಿಂಗಳ ಒಳಗೆ ಒಂದು ಲೈನ್ ಚೆಕ್ ಪಾಸ್ ಮಾಡಿರಲೇಬೇಕು, ಲೈನ್ ಚೆಕ್ ಅಂದ್ರೆ ಪ್ರಯಾಣಿಕರು ಕೂತಿರೋ ಮಾಮೂಲಿ ಫ್ಲೈಟ್‌ನಲ್ಲೇ ಒಬ್ಬ ಹಿರಿಯ ಕ್ಯಾಪ್ಟನ್ ಬಂದು ಇವ್ರ ಕೆಲಸ ನೋಡೋದು. ಆ ಹಿರಿಯ ಕ್ಯಾಪ್ಟನ್ನೇ ಚೆಕ್ ಪೈಲಟ್. ಅವ್ರೂ ಅದೇ ಕಂಪನಿಯವ್ರೇ ಇರ್ತಾರೆ, ಅವ್ರದೇ ಮಾಮೂಲಿ ರೋಸ್ಟರ್ ಇರುತ್ತೆ, ಅದರ ಮಧ್ಯೆ ಈ ಕೆಲಸಾನೂ ಮಾಡ್ತಾರೆ.

ಇನ್ನು ಫ್ಲೈಟ್ ಟೈಮ್. ವಿಮಾನ ಹಾರೋ ಉದ್ದೇಶದಿಂದ ಮೊದಲ ಸಲ ಅಲುಗಾಡಿದ ಕ್ಷಣದಿಂದ, ಇಳಿದು ಕೊನೆಗೆ ನಿಲ್ಲೋ ಕ್ಷಣದ ತನಕ, ಅಷ್ಟೇ. ನಾವು ಇದನ್ನ ಬ್ಲಾಕ್ ಟೈಮ್ ಅಂತೀವಿ. 5:12ಕ್ಕೆ ಬ್ಲಾಕ್ ಆಫ್, 7:48ಕ್ಕೆ ಬ್ಲಾಕ್ ಆನ್, 2 ಗಂಟೆ 36 ನಿಮಿಷ. ಈ 2:36 ಅನ್ನೋದು ವಿಮಾನದ ಲೆಕ್ಕ, ಇದ್ರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಶುರು ಆಗೋದು ಅದನ್ನ ಯಾರ ಪುಸ್ತಕದ ಯಾವ ಕಾಲಂನಲ್ಲಿ ಹಾಕ್ಬೇಕು ಅನ್ನೋವಾಗ. ಲಾಗ್‌ಬುಕ್‌ನಲ್ಲಿ ಪಿಐಸಿ ಅಂತ ಒಂದು ಕಾಲಂ, ಅಂದ್ರೆ ಪೈಲಟ್ ಇನ್ ಕಮಾಂಡ್, ಆ ಹಾರಾಟದ ಕೊನೇ ಮಾತು ಯಾರದ್ದೋ ಅವ್ರು. ಪಕ್ಕದಲ್ಲಿ ಕೋಪೈಲಟ್ ಕಾಲಂ. ಇನ್ನೊಂದು ಪಿಕಸ್ ಅಂತ, ಅಂದ್ರೆ ಕೋಪೈಲಟ್ ಆಗಿದ್ರೂ ಕಮಾಂಡರ್ ನಿಗಾದಲ್ಲಿ ಕಮಾಂಡರ್ ಕೆಲಸವನ್ನೇ ಮಾಡಿದ ಟೈಮ್. ಪೈಲಟ್ ಜೀವನದಲ್ಲಿ ಪ್ರಮೋಷನ್, ಸಂಬಳ, ಮುಂದಿನ ಕೆಲಸ ಎಲ್ಲಾ ಈ ಕಾಲಂಗಳ ಮೇಲೇ ನಿಂತಿರುತ್ತೆ. ಐಕಾವೊ, ಅಂದ್ರೆ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ, ಅದರ ಲೆಕ್ಕದಲ್ಲಿ ಏರ್‌ಲೈನ್ ಪೈಲಟ್ ಲೈಸೆನ್ಸ್‌ಗೆ ಒಟ್ಟು 1500 ಗಂಟೆ ಬೇಕು, ಅದರೊಳಗೆ 250 ಗಂಟೆ ಪಿಐಸಿ ಇರ್ಬೇಕು, ಇಲ್ಲಾ ಕಮ್ಮಿ ಅಂದ್ರೂ 70 ಗಂಟೆ ಸ್ವಂತ ಪಿಐಸಿ ಇಟ್ಕೊಂಡು ಉಳಿದಿದ್ದನ್ನ ಪಿಕಸ್‌ನಲ್ಲಿ ತುಂಬ್ಕೋಬಹುದು, ಅದೂ ಇಲ್ಲ ಅಂದ್ರೆ ಪೂರ್ತಿ ಪಿಕಸ್‌ನಲ್ಲೇ 500 ಗಂಟೆ. ಹಾಗಾಗಿ ಒಂದು ಚೆಕ್ ಫ್ಲೈಟ್‌ನ 2:36 ಯಾವ ಕಾಲಂಗೆ ಬಿತ್ತು ಅನ್ನೋದು ಕಾಕ್‌ಪಿಟ್ ಒಳಗಿರೋ ಮೂರು ಜನಕ್ಕೂ ಮುಖ್ಯ.

ಮೂರು ಜನ ಅಂದೆ, ಯಾಕಂದ್ರೆ ಚೆಕ್ ಪೈಲಟ್ ತುಂಬಾ ಸಲ ಕೂರೋದು ಜಂಪ್ ಸೀಟಲ್ಲಿ. ಮುಂದಿನ ಎರಡು ಸೀಟಿನ ಹಿಂದೆ, ಬಾಗಿಲಿಗೆ ಬೆನ್ನು ತಾಗೋ ಹಾಗೆ ಇರೋ ಮಡಚೋ ಸೀಟು. ಅಲ್ಲಿ ಕೂತ್ರೆ ಕೈಗೆ ಕಂಟ್ರೋಲ್ ಸಿಗಲ್ಲ. ತೊಡೆ ಮೇಲೆ ಒಂದು ಫಾರ್ಮ್, ಕೈಯಲ್ಲಿ ಪೆನ್ನು, ಕಿವಿಗೆ ಹೆಡ್‌ಸೆಟ್, ಕಣ್ಣು ಇಬ್ಬರ ಕೈ ಮೇಲೆ. ಚೆಕ್‌ಲಿಸ್ಟ್ ಓದುವಾಗ ಸ್ವಿಚ್ ನೋಡಿ ಓದಿದ್ರಾ ಬಾಯಿಪಾಠ ಒಪ್ಪಿಸಿದ್ರಾ, ಎಟಿಸಿ, ಅಂದ್ರೆ ನೆಲದಿಂದ ವಿಮಾನ ಸಂಚಾರ ನೋಡ್ಕೊಳ್ಳೋರು, ಕೊಟ್ಟ ಎತ್ತರವನ್ನ ಇಬ್ಬರೂ ಕೇಳಿಸ್ಕೊಂಡ್ರಾ, ಇಳಿಯೋಕೆ ರನ್‌ವೇ ಕಡೆ ಬರೋ ಅಪ್ರೋಚ್ ಸರಿ ಇಲ್ಲ ಅಂದಾಗ ಕೋಪೈಲಟ್ ಬಾಯಿ ಬಿಟ್ರಾ, ಇಂಥದ್ದೆಲ್ಲ. ನನ್ನ ಅನುಭವದಲ್ಲಿ ಇದು ವಿಮಾನ ಹಾರಿಸೋದಕ್ಕಿಂತ ಸುಸ್ತು ಮಾಡೋ ಕೆಲಸ, ಆದ್ರೂ ಅದು ವಿಮಾನ ಹಾರಿಸಿದ ಹಾಗಲ್ಲ. ಮುಂದೆ ಕೂತಿರೋ ಕ್ಯಾಪ್ಟನ್ ಪಿಐಸಿ, ಪಕ್ಕದವ್ರು ಕೋಪೈಲಟ್, ಆ ವಿಮಾನಕ್ಕೆ ಬೇಕಾಗಿದ್ದು ಅವ್ರಿಬ್ಬರೇ, ಚೆಕ್ ಪೈಲಟ್ ಇಳಿದು ಹೋದ್ರೂ ಆ ವಿಮಾನ ಅಷ್ಟೇ ಕಾನೂನುಬದ್ಧವಾಗಿ ಹಾರುತ್ತೆ. ಹಾಗಾಗಿ ಜಂಪ್ ಸೀಟಲ್ಲಿ ಕೂತ 2:36 ಚೆಕ್ ಪೈಲಟ್ ಪುಸ್ತಕದಲ್ಲಿ ಫ್ಲೈಟ್ ಟೈಮ್ ಅಂತ ಬರೋ ಹಾಗೇ ಇಲ್ಲ. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಈಸಾ ಇದನ್ನ ನೇರವಾಗೇ ಹೇಳುತ್ತೆ, ಎಕ್ಸಾಮಿನರ್ ಆದವ್ರು ಪೈಲಟ್ ಸೀಟಲ್ಲಿ ಕೂತು ಪರೀಕ್ಷೆ ಮಾಡಿದ ಟೈಮನ್ನ ಪಿಐಸಿ ಅಂತ ಬರೀಬಹುದು ಅಂತ. ಪೈಲಟ್ ಸೀಟು ಅನ್ನೋ ಆ ಎರಡು ಪದ ಸುಮ್ನೆ ಹಾಕಿರೋದಲ್ಲ.

ಆದ್ರೆ ನಡೆಯೋದೇನು? ನನ್ನದೇ ಒಂದು ವಿಷಯ ಹೇಳ್ತೀನಿ. ಚೆಕ್ ಪೈಲಟ್ ಆಗಿ ಎರಡನೇ ವರ್ಷ ಇರ್ಬೇಕು, ನಮ್ಮ ಕಂಪನಿ ಕಾಗದದ ಲಾಗ್‌ಬುಕ್ ಜೊತೆ ಕಂಪ್ಯೂಟರ್ ಲಾಗ್‌ಬುಕ್ ಶುರು ಮಾಡಿತ್ತು, ರೋಸ್ಟರ್‌ನಿಂದ ಡೇಟಾ ತಾನೇ ಬಂದು ಕೂರೋದು. ತಿಂಗಳ ಕೊನೇಲಿ ಪ್ರಿಂಟ್ ತೆಗೆದು ನನ್ನ ಕಾಗದದ ಪುಸ್ತಕದ ಜೊತೆ ತಾಳೆ ನೋಡ್ತೀನಿ, 31 ಗಂಟೆ ಜಾಸ್ತಿ ಇದೆ! ಕೂತು ಒಂದೊಂದೇ ಸಾಲು ನೋಡಿದೆ. ಆ ತಿಂಗಳು ನಾನು ಜಂಪ್ ಸೀಟಲ್ಲಿ ಕೂತಿದ್ದ 14 ಸೆಕ್ಟರ್, ಅಂದ್ರೆ ಒಂದು ಊರಿಂದ ಇನ್ನೊಂದು ಊರಿಗೆ ಒಂದೊಂದು ಹಾರಾಟ, ಅವೂ ಕೂಡ ಪಿಐಸಿ ಅಂತ ಬಿದ್ದಿದೆ. ಕಾರಣ ಸಿಂಪಲ್, ಆ ಸಾಫ್ಟ್‌ವೇರ್‌ಗೆ ನನ್ನ ಹೆಸರಿನ ಮುಂದೆ ಕ್ಯಾಪ್ಟನ್ ಅಂತ ಇದೆ, ಆ ಫ್ಲೈಟ್‌ನ ಕ್ರೂ ಪಟ್ಟಿಯಲ್ಲಿ ನನ್ನ ಹೆಸರಿದೆ, ಕ್ಯಾಪ್ಟನ್ ಅಂದ್ಮೇಲೆ ಪಿಐಸಿ ತಾನೇ ಅಂತ ಅದು ಹಾಕ್ಬಿಟ್ಟಿದೆ. ಅದೇ ಫ್ಲೈಟ್‌ನಲ್ಲಿ ಎಡಗಡೆ ಸೀಟಲ್ಲಿ ಕೂತಿದ್ದ ಕ್ಯಾಪ್ಟನ್‌ಗೂ ಪಿಐಸಿ ಬಿದ್ದಿದೆ. ಅಂದ್ರೆ ಒಂದೇ ವಿಮಾನ, ಒಂದೇ 2:36, ಇಬ್ಬರು ಕಮಾಂಡರ್, ಅದ್ರಲ್ಲಿ ಒಬ್ಬ ಕಂಟ್ರೋಲ್‌ಗೆ ಕೈ ಎಟುಕದ ಕಡೆ ಕೂತಿದ್ದಾನೆ. ರೆಕಾರ್ಡ್ಸ್ ಸೆಕ್ಷನ್‌ಗೆ ಹೋಗಿ ತೆಗೀರಮ್ಮ ಇದನ್ನ ಅಂದೆ. ಅಲ್ಲಿದ್ದ ಹುಡುಗಿ ತುಂಬಾ ಒಳ್ಳೇವಳು, "ಸಾರ್, ಯಾರೂ ಬಂದು ಕಮ್ಮಿ ಮಾಡಿ ಅಂತ ಕೇಳಿಲ್ಲ ಸಾರ್ ಇಲ್ಲೀವರೆಗೆ, ಹೇಗೆ ತೆಗೆಯೋದು ಅಂತಾನೇ ನಂಗೆ ಗೊತ್ತಿಲ್ಲ" ಅಂದ್ಳು. ಅವಳದ್ದೇನೂ ತಪ್ಪಿಲ್ಲ. ಆ ಪ್ರೋಗ್ರಾಂನಲ್ಲಿ ಕ್ಯಾಪ್ಟನ್, ಫಸ್ಟ್ ಆಫೀಸರ್ (ಅಂದ್ರೆ ಕೋಪೈಲಟ್ಟೇ) ಅಂತ ಎರಡೇ ಆಯ್ಕೆ ಇದ್ದಿದ್ದು, ಪರೀಕ್ಷೆ ಮಾಡೋಕೆ ಬಂದವ್ರಿಗೆ ಅಂತ ಒಂದು ಜಾಗಾನೇ ಇರ್ಲಿಲ್ಲ. ಕೊನೆಗೆ ಅದನ್ನ ತೆಗೆಸೋಕೆ ನಂಗೆ ಮೂರು ಪತ್ರ, ಎರಡು ತಿಂಗಳು ಬೇಕಾಯ್ತು.

31 ಗಂಟೆ ಏನು ಮಹಾ ಅಂತ ಅನ್ನಿಸ್ಬಹುದು. ಲೆಕ್ಕ ಹಾಕಿ ನೋಡಿ, ತಿಂಗಳಿಗೆ 31 ಅಂದ್ರೆ ವರ್ಷಕ್ಕೆ 370 ಗಂಟೆ ಮೇಲೆ, 10 ವರ್ಷಕ್ಕೆ ಮೂರೂವರೆ ಸಾವಿರ ದಾಟುತ್ತೆ, ಒಂದು ಸಲ ಕೂಡ ಕೈಯಿಟ್ಟು ಹಾರಿಸದ ಮೂರೂವರೆ ಸಾವಿರ ಗಂಟೆ. ನೀವು ಪೇಪರ್‌ನಲ್ಲಿ ಹಾಕೋ ಆ ದೊಡ್ಡ ನಂಬರ್ ಒಳಗೆ ಇಂಥದ್ದು ಎಷ್ಟು ಸೇರಿದೆಯೋ ಹೊರಗಿನವ್ರಿಗೆ ಹೇಗೆ ಗೊತ್ತಾಗ್ಬೇಕು ಹೇಳಿ.

ಈಗ ಬಲಗಡೆ ಸೀಟಿನ ವಿಷಯ, ಇದು ಇನ್ನೂ ಸೂಕ್ಷ್ಮ. ಕೋಪೈಲಟ್ ಒಬ್ರು ಕ್ಯಾಪ್ಟನ್ ಆಗೋ ಹಂತಕ್ಕೆ ಬಂದಾಗ, ಇಲ್ಲಾ ಬೇರೆ ವಿಮಾನದ ಕ್ಯಾಪ್ಟನ್ ಹೊಸ ಟೈಪ್‌ಗೆ, ಅಂದ್ರೆ ಹೊಸ ಮಾದರಿ ವಿಮಾನಕ್ಕೆ, ಬಂದಾಗ, ಅವ್ರನ್ನ ಎಡಗಡೆ ಸೀಟಲ್ಲಿ ಕೂರಿಸಿ ಚೆಕ್ ಪೈಲಟ್ ಬಲಗಡೆ ಕೂತು ಪ್ರಯಾಣಿಕರ ಸಮೇತ ಹಾರಿಸ್ತಾರೆ. ಅಮೆರಿಕದಲ್ಲಿ ಜೆಟ್ ವಿಮಾನಕ್ಕೆ ಮೊದಲ ಸಲ ಬರೋರಿಗೆ ಹೀಗೆ 25 ಗಂಟೆ ನಿಗಾದಲ್ಲಿ ಹಾರಿಸ್ಬೇಕು ಅಂತ ಇದೆ. ನೋಡೋರ ಕಣ್ಣಿಗೆ ಕ್ಯಾಪ್ಟನ್ ಸೀಟಲ್ಲಿ ಕೂತವ್ರೇ ಕ್ಯಾಪ್ಟನ್, ಕ್ಯಾಬಿನ್ ಕ್ರೂ ಕೂಡ ಅವ್ರನ್ನೇ ಕ್ಯಾಪ್ಟನ್ ಅಂತಾರೆ, ಅನೌನ್ಸ್‌ಮೆಂಟ್ ಅವ್ರೇ ಮಾಡ್ತಾರೆ. ಆದ್ರೆ ಜವಾಬ್ದಾರಿ ಬಲಗಡೆ ಕೂತ ಚೆಕ್ ಪೈಲಟ್‌ದು, ಎಡಗಡೆಯವ್ರಿಗೆ ಇನ್ನೂ ಆ ಕೆಲಸಕ್ಕೆ ಪೂರ್ತಿ ಅರ್ಹತೆ ಬಂದಿಲ್ಲ. ಹಾಗಾದ್ರೆ ಪಿಐಸಿ ಕಾಲಂ ಯಾರದ್ದು?

ಇಲ್ಲಿ ದೇಶದಿಂದ ದೇಶಕ್ಕೆ ಉತ್ತರ ಬೇರೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮ 61.51 ಪ್ರಕಾರ ಕಮಾಂಡರ್ ಆಗಿ ಇರೋದು ಬೇರೆ, ಕಮಾಂಡರ್ ಅಂತ ಲಾಗ್ ಮಾಡೋದು ಬೇರೆ. ಆ ವಿಮಾನಕ್ಕೆ ರೇಟಿಂಗ್, ಅಂದ್ರೆ ಅದನ್ನ ಹಾರಿಸೋ ಅರ್ಹತೆ, ಇರೋ ಪೈಲಟ್ ತಾನೊಬ್ಬನೇ ಕಂಟ್ರೋಲ್ ಹಿಡಿದು ಹಾರಿಸಿದ ಹೊತ್ತನ್ನ ಪಿಐಸಿ ಅಂತ ಬರ್ಕೋಬಹುದು, ಅದೇ ಹೊತ್ತಲ್ಲಿ ನಿಜವಾಗಿ ಕಮಾಂಡರ್ ಆಗಿರೋ ಏರ್‌ಲೈನ್ ಲೈಸೆನ್ಸ್‌ನವ್ರೂ ಪೂರ್ತಿ ಟೈಮನ್ನ ಪಿಐಸಿ ಅಂತ ಬರ್ಕೋಬಹುದು. ಅಂದ್ರೆ ನಿಯಮದ ಪ್ರಕಾರಾನೇ ಇಬ್ಬರ ಪುಸ್ತಕದಲ್ಲೂ ಅದೇ ಗಂಟೆ ಪಿಐಸಿ ಆಗಿ ಕೂರಬಹುದು, ಇಬ್ಬರೂ ಸುಳ್ಳು ಹೇಳ್ತಿಲ್ಲ. ಇನ್ನೂ ಒಂದಿದೆ, ಅಲ್ಲಿನ 61.47ನೇ ನಿಯಮ, ಲೈಸೆನ್ಸ್ ಪರೀಕ್ಷೆ ತಗೊಳ್ಳೋ ಎಕ್ಸಾಮಿನರ್ ಆ ಹಾರಾಟದ ಕಮಾಂಡರ್ ಅಲ್ಲ, ಮೊದಲೇ ಮಾತಾಡ್ಕೊಂಡು ಒಪ್ಪಿದ್ರೆ ಮಾತ್ರ ಕಮಾಂಡರ್, ಅಂತ. ಈಸಾದಲ್ಲಿ ಇದರ ಉಲ್ಟಾ ಅನ್ನೋ ಹಾಗೆ ಎಕ್ಸಾಮಿನರ್‌ಗೇ ಪಿಐಸಿ, ಕೋಪೈಲಟ್ ಆಗಿರೋ ಅಭ್ಯರ್ಥಿ ಕಮಾಂಡರ್ ಕೆಲಸ ಮಾಡಿದ್ರೆ ಅದು ಪಿಕಸ್, ಅದಕ್ಕೂ ಕಮಾಂಡರ್ ಸಹಿ ಹಾಕಿರ್ಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಒಂದು ದೇಶದ ಲಾಗ್‌ಬುಕ್ ಹಿಡ್ಕೊಂಡು ಇನ್ನೊಂದು ದೇಶದ ಏರ್‌ಲೈನ್‌ಗೆ ಅರ್ಜಿ ಹಾಕಿದ ಎಷ್ಟೋ ಪೈಲಟ್‌ಗಳು ಕಳ್ಳರ ಥರ ನಿಂತ್ಕೊಂಡು ವಿವರಣೆ ಕೊಡ್ಬೇಕಾಗಿ ಬಂದಿರೋದನ್ನ ನಾನು ಕಣ್ಣಾರೆ ನೋಡಿದೀನಿ.

ನಂಗೂ ಆಗಿದೆ. ಆಗ ನಾನಿನ್ನೂ ಕೋಪೈಲಟ್, ಕಮಾಂಡ್‌ಗೆ, ಅಂದ್ರೆ ಕ್ಯಾಪ್ಟನ್ ಆಗೋಕೆ, ಅಂತ ನನ್ನ ಫೈಲ್ ಹೋಯ್ತು. ವಾಪಸ್ ಬಂದಾಗ ಅದರ ಮೇಲೆ ಕೆಂಪು ಪೆನ್ನಲ್ಲಿ 41 ಗಂಟೆ ಕಟ್ ಅಂತ ಬರೆದಿದ್ರು. ಅಷ್ಟೂ ಗಂಟೆ ಒಬ್ಬ ಹಿರಿಯ ಚೆಕ್ ಕ್ಯಾಪ್ಟನ್ ಜೊತೆ ಹಾರಿಸಿದ್ದು, ಹೊರಡೋ ಮುಂಚೆ ಇವತ್ತು ಎಲ್ಲಾ ನಿರ್ಧಾರ ನಿಂದೇ, ನಾನು ಸುಮ್ನೆ ನೋಡ್ತೀನಿ ಅಂದಿದ್ರು, ನಾನು ಹಾಗೇ ಮಾಡಿದೆ, ಪಿಕಸ್ ಅಂತ ಬರ್ಕೊಂಡೆ. ಸಹಿ ಮಾತ್ರ ಆಮೇಲೆ ಹಾಕಿಸ್ಕೊಂಡ್ರಾಯ್ತು ಅಂತ ಬಿಟ್ಟಿದ್ದೆ, ಪ್ರತಿ ಸಲ ಇಳಿದ ತಕ್ಷಣ ಅವ್ರು ಮುಂದಿನ ಫ್ಲೈಟ್‌ಗೆ ಓಡ್ತಿದ್ರು, ನಾನು ಹೋಟೆಲ್ ಬಸ್‌ಗೆ ಓಡ್ತಿದ್ದೆ. ಅಷ್ಟರಲ್ಲಿ ಅವ್ರು ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋದ್ರು. ಅವ್ರ ಪುಸ್ತಕದಲ್ಲಿ ಅದು ಮಾಮೂಲಿ ಪಿಐಸಿ, ನನ್ನ ಪುಸ್ತಕದಲ್ಲಿ ಸಹಿ ಇಲ್ಲದ ಪಿಕಸ್. ಹಾರಿಸಿದ್ದು ನಿಜ, ಹವಾಮಾನ ಕೆಟ್ಟು ಬೇರೆ ಕಡೆ ತಿರುಗಿಸೋ ನಿರ್ಧಾರ ನಾನೇ ತಗೊಂಡಿದ್ದು ನಿಜ, ಆದ್ರೆ ಅದಕ್ಕೆ ಸಾಕ್ಷಿ ಒಂದು ಸಹಿ, ಅದಿಲ್ಲ. ನನ್ನ ಕಮಾಂಡ್ ಐದು ತಿಂಗಳು ಮುಂದೆ ಹೋಯ್ತು. ಆವತ್ತಿಂದ ನಾನು ಚೆಕ್ ಪೈಲಟ್ ಆಗಿ ಯಾರ ಜೊತೆ ಕೂತ್ರೂ ಪಾರ್ಕಿಂಗ್ ಬ್ರೇಕ್ ಹಾಕಿ ಇಂಜಿನ್ ನಿಂತ ಮೇಲೆ, ಸೀಟ್ ಬೆಲ್ಟ್ ತೆಗೆಯೋ ಮುಂಚೆ, ಕೊಡಪ್ಪಾ ನಿನ್ನ ಪುಸ್ತಕ ಅಂತ ಕೇಳಿ ಸಹಿ ಹಾಕಿಯೇ ಏಳ್ತಿದ್ದೆ. ಫೇಲ್ ಮಾಡಿದ ದಿನವೂ ಹಾಕ್ತಿದ್ದೆ. ಪರೀಕ್ಷೇಲಿ ಫೇಲ್ ಆದ್ರೂ ಹಾರಿಸಿದ ಗಂಟೆ ಹಾರಿಸಿದ್ದೇ, ಅದನ್ನ ಕಿತ್ಕೊಳ್ಳೋ ಹಕ್ಕು ನಮಗಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕೇಳಿದ್ರೆ ಇದೇನೋ ಪೈಲಟ್‌ಗಳ ಮನೆ ಜಗಳ ಅಂತ ಅನ್ನಿಸ್ಬಹುದು. ಅಲ್ಲ. ಆ ಕಾಲಂ ಯಾರದ್ದು ಅನ್ನೋ ಗೊಂದಲ ಬರೀವಾಗ ಇದೆ ಅಂದ್ರೆ ಹಾರಿಸುವಾಗಲೂ ಇತ್ತು ಅಂತ ಅರ್ಥ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ 605ನೇ ಫ್ಲೈಟ್, ಆಗಿನ್ನೂ ಹೊಚ್ಚ ಹೊಸದಾಗಿದ್ದ ಎ320, ಬೆಂಗಳೂರಲ್ಲಿ ರನ್‌ವೇಗೆ ಮುಂಚೇನೇ ಗಾಲ್ಫ್ ಮೈದಾನದ ಮೇಲೆ ಬಿತ್ತು, 146 ಜನರಲ್ಲಿ 92 ಜನ ತೀರ್ಕೊಂಡ್ರು. ಹಿರಿಯ ಓದುಗರಿಗೆ ಇದು ನೆನಪಿರುತ್ತೆ. ಆದ್ರೆ ಅದು ಒಂದು ಚೆಕ್ ಫ್ಲೈಟ್ ಅನ್ನೋದು ಎಷ್ಟೋ ಜನಕ್ಕೆ ನೆನಪಿಲ್ಲ. ಎಡಗಡೆ ಕೂತಿದ್ದ ಕ್ಯಾಪ್ಟನ್‌ಗೆ ಆ ವಿಮಾನದ ಕಮಾಂಡ್‌ಗಾಗಿ ಅದು ಮೊದಲನೇ ರೂಟ್ ಚೆಕ್, ಅಂದ್ರೆ ಮಾಮೂಲಿ ಫ್ಲೈಟ್‌ನಲ್ಲೇ ನಡೆಯೋ ಪರೀಕ್ಷೆ, ಬಲಗಡೆ ಕೂತಿದ್ದೋರು ಚೆಕ್ ಪೈಲಟ್, ಕಮಾಂಡರ್ ಅವ್ರೇ. ಇಂಜಿನ್ ಐಡಲ್‌ನಲ್ಲಿ, ಅಂದ್ರೆ ತೀರಾ ಕಮ್ಮಿ ಶಕ್ತಿಯಲ್ಲಿ, ಇರೋ ಇಳಿಯೋ ಮೋಡ್‌ನಲ್ಲೇ ವಿಮಾನ ಉಳ್ಕೊಂಡು ವೇಗ ಕಮ್ಮಿ ಆಗ್ತಾ ಹೋಯ್ತು, ಅನುಭವ ಇರೋ ಇಬ್ಬರು ಕ್ಯಾಪ್ಟನ್‌ಗಳು ಮುಂದೇನೇ ಕೂತಿದ್ರು. ಇಬ್ಬರೂ ಉಳೀಲಿಲ್ಲ, ಅವ್ರ ಬಗ್ಗೆ ತೀರ್ಪು ಕೊಡೋಕೆ ನಾನು ಯಾರೂ ಅಲ್ಲ. ಆದ್ರೆ ಬಲಗಡೆ ಸೀಟಲ್ಲಿ ಕೂತು ಪರೀಕ್ಷೆ ಮಾಡಿದೋನಾಗಿ ಒಂದು ಮಾತು ಹೇಳ್ತೀನಿ, ಪಕ್ಕದವ್ರು ತಪ್ಪು ಮಾಡ್ತಿದ್ದಾರೆ ಅಂತ ಗೊತ್ತಾದ ಮೇಲೂ ತಾವೇ ಸರಿ ಮಾಡ್ಕೋತಾರಾ ನೋಡೋಣ ಅಂತ ಎರಡು ಸೆಕೆಂಡ್ ಕಾಯೋ ಒಂದು ಸೆಳೆತ ಇರುತ್ತೆ, ಪರೀಕ್ಷಕನಾಗಿ ಕಾಯ್ಬೇಕು, ಕಮಾಂಡರ್ ಆಗಿ ಕಾಯಬಾರ್ದು, ಎರಡೂ ಒಬ್ಬನೇ ಮನುಷ್ಯನ ತಲೇಲಿ ನಡೀತಿರುತ್ತೆ.

23 ವರ್ಷ ಆದ್ಮೇಲೆ 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ 214, ಬೋಯಿಂಗ್ 777. ಅಲ್ಲೂ ವೇಗ ಕಮ್ಮಿ ಆಗಿದ್ದು ಹೊತ್ತಿಗೆ ಸರಿಯಾಗಿ ಯಾರ ಗಮನಕ್ಕೂ ಬರಲಿಲ್ಲ, ಸಮುದ್ರದ ದಡದ ಗೋಡೆಗೆ ಬಾಲ ಬಡೀತು, 307 ಜನರಲ್ಲಿ 3 ಜನ ಹೋದ್ರು. ಎಡಗಡೆ ಕೂತು ಹಾರಿಸ್ತಿದ್ದ ಕ್ಯಾಪ್ಟನ್‌ಗೆ ಒಟ್ಟು 9 ಸಾವಿರಕ್ಕೂ ಹೆಚ್ಚು ಗಂಟೆ, ಆದ್ರೆ 777ನಲ್ಲಿ 50 ಗಂಟೆಯೂ ಆಗಿರ್ಲಿಲ್ಲ, ಆ ವಿಮಾನಕ್ಕೆ ಇನ್ನೂ ತರಬೇತಿಯಲ್ಲಿದ್ರು. ಬಲಗಡೆ ಕೂತಿದ್ದೋರು ಇನ್‌ಸ್ಟ್ರಕ್ಟರ್, ಪಿಐಸಿ ಅವ್ರೇ, 12 ಸಾವಿರ ಗಂಟೆ ದಾಟಿದ್ದೋರು, ಆದ್ರೆ ಇನ್‌ಸ್ಟ್ರಕ್ಟರ್ ಆಗಿ ಅದು ಅವ್ರ ಮೊದಲನೇ ಟ್ರಿಪ್. ತನಿಖಾ ವರದಿಯಲ್ಲಿ ಹಾರಿಸ್ತಿದ್ದವ್ರ ಮೇಲಿನ ನಿಗಾ ಸಾಲದಾಗಿತ್ತು ಅನ್ನೋದೂ ಒಂದು ಕಾರಣವಾಗಿ ಬಂತು. ಆವತ್ತು ಪೇಪರ್‌ನಲ್ಲಿ ಇಬ್ಬರದ್ದೂ ಒಟ್ಟು ಗಂಟೆ ಮಾತ್ರ ಹಾಕಿದ್ರೆ 21 ಸಾವಿರ ಗಂಟೆ ಅನುಭವ ಅಂತ ಆಗುತ್ತೆ. ಆ ವಿಮಾನದಲ್ಲಿ ಎಷ್ಟು, ಆ ಸೀಟಲ್ಲಿ ಎಷ್ಟು, ಆ ಪಾತ್ರದಲ್ಲಿ ಎಷ್ಟು ಅಂತ ಕೇಳಿದ್ರೆ ಚಿತ್ರಾನೇ ಬೇರೆ.

ಸಿಮ್ಯುಲೇಟರ್, ಅಂದ್ರೆ ನೆಲದ ಮೇಲೇ ಕಾಕ್‌ಪಿಟ್ ಥರ ಇರೋ ತರಬೇತಿ ಯಂತ್ರ, ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಇಂಜಿನ್ ಫೇಲ್ ಮಾಡಿ ನೋಡೋ ಥರದ ಪರೀಕ್ಷೆಗಳೆಲ್ಲ ಈಗ ಅಲ್ಲೇ ನಡಿಯೋದು, ಒಳ್ಳೇದೇ ಆಯ್ತು. ಮುಂಚೆ ನಿಜವಾದ ವಿಮಾನದಲ್ಲೇ ಮಾಡ್ತಿದ್ರು, 1967ರ ಮಾರ್ಚ್ 30ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಡೆಲ್ಟಾದ ಒಂದು ಡಿಸಿ-8 ತರಬೇತಿ ಹಾರಾಟದಲ್ಲಿ ಎರಡು ಇಂಜಿನ್ ಫೇಲ್ ಆದ ಹಾಗೆ ನಟಿಸಿ ಇಳಿಯೋಕೆ ಹೋಗಿ ಬಿದ್ದು, ವಿಮಾನದೊಳಗಿದ್ದ 6 ಜನ, ನೆಲದ ಮೇಲಿದ್ದ 13 ಜನ ಹೋದ್ರು. ತನಿಖೆಯಲ್ಲಿ ಇನ್‌ಸ್ಟ್ರಕ್ಟರ್‌ದೂ ಅಭ್ಯರ್ಥೀದೂ ಇಬ್ಬರದ್ದೂ ತಪ್ಪು ಅಂತ ಬಂತು. ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಮಾಡೋ ಚೆಕ್ ಪೈಲಟ್ ಹಿಂದೆ ಕೂತು ಬಟನ್ ಒತ್ತುತಾರೆ, ಅದು ಫ್ಲೈಟ್ ಟೈಮ್ ಅಲ್ಲ, ಅದ್ರಲ್ಲಿ ಚರ್ಚೆ ಇಲ್ಲ.

ಜನ ಗಮನಿಸದೇ ಇರೋ ಇನ್ನೊಂದು ವಿಷಯ ಲ್ಯಾಂಡಿಂಗ್. ಪೈಲಟ್ ಆದವ್ರು 90 ದಿನದಲ್ಲಿ ಕಮ್ಮಿ ಅಂದ್ರೂ 3 ಟೇಕಾಫ್, 3 ಲ್ಯಾಂಡಿಂಗ್ ಮಾಡಿರ್ಬೇಕು ಅಂತ ಅಮೆರಿಕ, ಯುರೋಪ್ ಎರಡೂ ಕಡೆ ಇದೆ. ಚೆಕ್ ಪೈಲಟ್‌ಗೆ ಇದೇ ಕಷ್ಟ ಆಗೋದು. ಜಂಪ್ ಸೀಟಲ್ಲಿ ಕೂತ ದಿನ ಲ್ಯಾಂಡಿಂಗ್ ಇಲ್ಲ. ಬಲಗಡೆ ಸೀಟಲ್ಲಿ ಕೂತ ದಿನವೂ ಅಭ್ಯರ್ಥಿಗೆ ಕೊಡ್ಬೇಕು, ಅವ್ರ ಪರೀಕ್ಷೆ ಅದು, ಹಾಗಾಗಿ ಅಲ್ಲೂ ಇಲ್ಲ. ಸಿಮ್ಯುಲೇಟರ್‌ನಲ್ಲಿ ಬಟನ್. ಪುಸ್ತಕ ತೆಗೆದ್ರೆ ತಿಂಗಳಿಗೆ 70 ಗಂಟೆ ಪಿಐಸಿ, ಲ್ಯಾಂಡಿಂಗ್ ಕಾಲಂನಲ್ಲಿ ಒಂದೋ ಎರಡೋ. ಒಂದು ಸಲ ನನ್ನ 90 ದಿನ ಮುಗಿಯೋಕೆ ನಾಲ್ಕು ದಿನ ಇರೋವಾಗ ಗೊತ್ತಾಯ್ತು ನಂದು ಎರಡೇ ಲ್ಯಾಂಡಿಂಗ್ ಆಗಿದೆ ಅಂತ. ಆವತ್ತು ರಾತ್ರಿ ಅಡ್ಡಗಾಳಿಯಲ್ಲಿ ಇಳಿಸುವಾಗ ನನ್ನ ಕೈ ನಂಗೇ ಹೊಸದು ಅನ್ನಿಸ್ತು, ಇದನ್ನ ಹೇಳೋಕೆ ನಂಗೆ ನಾಚಿಕೆ ಇಲ್ಲ, ಹೇಳ್ಬೇಕು ಅಂತಾನೇ ಹೇಳ್ತಿದೀನಿ. ಬೇರೆಯವ್ರ ಕೈ ಸರಿ ಇದೆಯಾ ಅಂತ ನೋಡೋರ ಕೈಯೇ ಜಿಡ್ಡುಗಟ್ಟೋ ಹಾಗೆ ರೋಸ್ಟರ್ ಮಾಡಿದ್ರೆ ಹೇಗೆ? ಅದನ್ನ ಗಂಟೆ ಲೆಕ್ಕದಿಂದ ಮುಚ್ಚಿಬಿಟ್ರೆ ಯಾರಿಗೂ ಕಾಣೋದೇ ಇಲ್ಲ.

ಸುಸ್ತಿನ ಲೆಕ್ಕಾನೂ ಹಾಗೇ. ಯುರೋಪಿನಲ್ಲಿ 28 ದಿನಕ್ಕೆ ಫ್ಲೈಟ್ ಟೈಮ್ 100 ಗಂಟೆ ಮೀರಬಾರ್ದು, ಡ್ಯೂಟಿ ಟೈಮ್ 190 ಗಂಟೆ ಮೀರಬಾರ್ದು. ಅಮೆರಿಕದಲ್ಲಿ 672 ಗಂಟೆ ಅಂದ್ರೆ ಅದೇ 28 ದಿನಕ್ಕೆ 100, 365 ದಿನಕ್ಕೆ 1000. ಜಂಪ್ ಸೀಟಿನ ಹೊತ್ತು ಫ್ಲೈಟ್ ಟೈಮ್ ಅಲ್ಲ ಅಂತ ನಾನೇ ಹೇಳ್ದೆ, ಹಾಗಂತ ಅದು ರೆಸ್ಟ್ ಅಲ್ಲ, ಕಂಪನಿ ಹೇಳಿದ ಕೆಲಸ ಅದು, ಡ್ಯೂಟಿ ಲೆಕ್ಕಕ್ಕೆ ಬರಲೇಬೇಕು. ಆದ್ರೆ ಕೆಲವು ಕಡೆ ಏನಾಗುತ್ತೆ ಅಂದ್ರೆ ಅನುಕೂಲ ಬೇಕಾದಾಗ ಅದು ಫ್ಲೈಟ್ ಟೈಮ್, ಲಿಮಿಟ್ ಹತ್ರ ಬಂದಾಗ ಸುಮ್ನೆ ಕೂತಿದ್ದು. ಎರಡೂ ಆಗೋಕೆ ಸಾಧ್ಯ ಇಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ನಾಲ್ಕು ಸೆಕ್ಟರ್ ಜಂಪ್ ಸೀಟಲ್ಲಿ ಕೂತು, ಪ್ರತಿ ಸೆಕ್ಟರ್ ಆದ್ಮೇಲೆ ಮಾತಾಡಿ, ರಾತ್ರಿ ರಿಪೋರ್ಟ್ ಬರೆದು, ಮಾರನೇ ಬೆಳಗ್ಗೆ ಸ್ವಂತ ಕಮಾಂಡ್‌ನಲ್ಲಿ ಹಾರಿಸೋಕೆ ಹೋದಾಗ ಲೆಕ್ಕದಲ್ಲಿ ಆ ಮನುಷ್ಯ ಹಿಂದಿನ ದಿನ ಏನೂ ಮಾಡೇ ಇಲ್ಲ ಅಂತ ಇದ್ರೆ ಅದು ಪ್ರಯಾಣಿಕರಿಗೆ ಮಾಡೋ ಅನ್ಯಾಯ.

ಇದಕ್ಕೆ ಪರಿಹಾರ ಅಂತ ನಾನು ಕೇಳೋದು ದೊಡ್ಡದೇನಲ್ಲ. ಪ್ರತಿ ಹಾರಾಟಕ್ಕೂ ಏರ್‌ಲೈನ್ ಒಬ್ಬ ಪೈಲಟ್‌ನ ಪಿಐಸಿ ಅಂತ ನೇಮಿಸ್ಬೇಕು ಅಂತ ಐಕಾವೊ ನಿಯಮಗಳ ಅನೆಕ್ಸ್ 6 ಅನ್ನೋ ಭಾಗ ಈಗಾಗ್ಲೇ ಹೇಳುತ್ತೆ, ಒಬ್ಬ, ಇಬ್ಬರಲ್ಲ. ಚೆಕ್ ಫ್ಲೈಟ್ ದಿನ ಅದನ್ನ ಬಾಗಿಲು ಮುಚ್ಚೋ ಮುಂಚೆ ಬ್ರೀಫಿಂಗ್‌ನಲ್ಲಿ ಬಾಯಿಬಿಟ್ಟು ಹೇಳ್ಬೇಕು, ಕ್ಯಾಬಿನ್ ಕ್ರೂಗೂ ಗೊತ್ತಿರ್ಬೇಕು, ಹಾರಾಟದ ಪೇಪರ್‌ನಲ್ಲಿ ಬರೀಬೇಕು, ಇಳಿದ ಮೇಲೆ ಯಾರ ಪುಸ್ತಕಕ್ಕೆ ಅನುಕೂಲ ಅಂತ ನೋಡಿ ಬರೆಯೋದಲ್ಲ. ಲಾಗ್‌ಬುಕ್‌ನಲ್ಲಿ, ಮುಖ್ಯವಾಗಿ ಕಂಪ್ಯೂಟರ್ ಲಾಗ್‌ಬುಕ್‌ನಲ್ಲಿ, ಪರೀಕ್ಷೆ ಮಾಡಿದ ಹೊತ್ತಿಗೆ ಅಂತ ಒಂದು ಬೇರೆ ಕಾಲಂ ಕೊಡಿ, ಅದ್ರಲ್ಲಿ ಎಡ, ಬಲ, ಜಂಪ್ ಸೀಟ್ ಯಾವುದು ಅಂತ ಇರಲಿ. ಜಂಪ್ ಸೀಟ್ ಆದ್ರೆ ಒಟ್ಟು ಗಂಟೆಗೆ ಸೇರಬಾರ್ದು, ಡ್ಯೂಟಿಗೆ ಸೇರಬೇಕು. ಅಮೆರಿಕದ ಥರ ಇಬ್ಬರಿಗೂ ಪಿಐಸಿ ಬರೆಯೋಕೆ ಬಿಡೋ ಕಡೆ ಬಿಡಲಿ, ನಂದೇನೂ ವಿರೋಧ ಇಲ್ಲ, ಆದ್ರೆ ಜವಾಬ್ದಾರಿ ಹೊತ್ತವ್ರು ಯಾರು, ಕಂಟ್ರೋಲ್ ಹಿಡಿದವ್ರು ಯಾರು ಅಂತ ಪಕ್ಕದಲ್ಲೇ ಕಾಣ್ಬೇಕು. ಪಿಕಸ್ ಸಹಿ ಅದೇ ದಿನ. ಇದನ್ನ ನಾನು ಕೆಲಸದಲ್ಲಿರೋವಾಗ ಎರಡು ಸಲ ಬರೆದು ಕೊಟ್ಟೆ, ನೋಡೋಣ ಅಂದ್ರು.

ಕೆಲವು ಸ್ನೇಹಿತರು, ಅವ್ರೂ ಚೆಕ್ ಪೈಲಟ್‌ಗಳೇ, ನಂಗೆ ಹೇಳಿದ್ದುಂಟು, ಏನೋ ಮಾರಾಯ, ಸ್ವಂತ ಹಾರಾಟ ಬಿಟ್ಟು ಬೇರೆಯವ್ರಿಗೋಸ್ಕರ ಕೂರ್ತೀವಿ, ಆ ಗಂಟೆನಾದ್ರೂ ನಮಗೆ ಬೇಡವಾ ಅಂತ. ಅವ್ರ ಸಂಕಟ ನಂಗೆ ಅರ್ಥ ಆಗುತ್ತೆ, ಹಾರಾಟದ ಗಂಟೆ ಮೇಲೆ ಭತ್ಯೆ ಸಿಗೋ ಕಡೆ ಜಂಪ್ ಸೀಟಲ್ಲಿ ಕೂತ ದಿನ ಜೇಬಿಗೆ ನಷ್ಟ ಆಗುತ್ತೆ. ಹಾಗಿದ್ರೆ ಪರೀಕ್ಷೆ ಮಾಡಿದ ಹೊತ್ತಿಗೆ ಬೇರೆ ಭತ್ಯೆ ಕೊಡಿ, ಚೆನ್ನಾಗೇ ಕೊಡಿ, ಅದು ಅಷ್ಟು ಬೆಲೆ ಬಾಳೋ ಕೆಲಸ. ದುಡ್ಡಿನ ನ್ಯಾಯವನ್ನ ಲಾಗ್‌ಬುಕ್ ಒಳಗೆ ತುಂಬೋದು ಬೇಡ.

ನಿಮ್ಮಲ್ಲಿ, ನಿಮ್ಮ ವರದಿಗಾರರಲ್ಲೂ ಒಂದು ವಿನಂತಿ. ಮುಂದಿನ ಸಲ ಪೈಲಟ್ ಅನುಭವದ ಬಗ್ಗೆ ಬರೆಯೋವಾಗ ಒಟ್ಟು ಗಂಟೆ ಜೊತೆಗೆ, ಆ ಟೈಪ್ ವಿಮಾನದಲ್ಲಿ ಎಷ್ಟು, ಯಾವ ಸೀಟಲ್ಲಿ ಎಷ್ಟು, ಹಿಂದಿನ 90 ದಿನದಲ್ಲಿ ಲ್ಯಾಂಡಿಂಗ್ ಎಷ್ಟು, ಆವತ್ತು ಕಾಕ್‌ಪಿಟ್‌ನಲ್ಲಿ ಪರೀಕ್ಷೆ ಏನಾದ್ರೂ ನಡೀತಿತ್ತಾ ಅಂತ ಕೇಳಿ. ಏರ್‌ಲೈನ್‌ನವ್ರು ಹೇಳದೆ ಇರಬಹುದು, ಆದ್ರೂ ಕೇಳಿ, ಕೇಳಿದ್ರು ಅಂತಾನೂ ಬರೀರಿ.

ರಿಟೈರ್ ಆದ್ಮೇಲೆ ನಾನು ನನ್ನ ಹಳೇ ಲಾಗ್‌ಬುಕ್‌ಗಳನ್ನ ಮೇಜಿನ ಮೇಲೆ ಇಟ್ಕೊಂಡು ಚೆಕ್ ಪೈಲಟ್ ಆಗಿದ್ದ 11 ವರ್ಷದ ಪ್ರತಿ ಸಾಲನ್ನ ಮತ್ತೆ ನೋಡ್ತಿದೀನಿ. ಬಲಗಡೆ ಕೂತಿದ್ದಕ್ಕೆ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬ, ಎಡಗಡೆಗೆ ಎ. ಕಂಪ್ಯೂಟರ್‌ನಿಂದ ತೆಗೆದ ಪ್ರಿಂಟ್‌ಗಳಲ್ಲಿ ಜಂಪ್ ಸೀಟಿನ ಸಾಲು ಎಲ್ಲಾದ್ರೂ ಉಳ್ಕೊಂಡಿದ್ರೆ ಅದಕ್ಕೆ ಜ ಅಂತ ಹಾಕಿ ಒಟ್ಟಿನಿಂದ ಕಳೀತಿದೀನಿ. ಹೋದ ವಾರ ಇನ್ನೂ 9 ಗಂಟೆ ಸಿಕ್ತು. ಇನ್ನು ಎರಡು ಪುಸ್ತಕ ಬಾಕಿ ಇದೆ.

ಇಂತಿ,
ಒಬ್ಬ ನಿವೃತ್ತ ಚೆಕ್ ಪೈಲಟ್